ಲಾಬ್‌ಸ್ಟರ್ ರೋಗನಿದಾನದ ತಜ್ಞ ವ್ಯವಸ್ಥೆಗಳು

ಸಾಕಿದ ಲಾಬ್‌ಸ್ಟರ್‌ಗಳಲ್ಲಿ ಕಂಡ ಲಕ್ಷಣ, ನೀರಿನ ಸ್ಥಿತಿ ಮತ್ತು ಸಾಕಣೆಯ ವಿವರಗಳನ್ನು ಕೇಳಿ ಪಡೆದು, ಜಲಚರ ರೋಗತಜ್ಞರಿಂದ ಸಂಗ್ರಹಿಸಿದ ನಿಯಮಗಳ ಜೊತೆ ತಾಳೆ ನೋಡಿ, ಇರಬಹುದಾದ ರೋಗವನ್ನೂ ಮುಂದಿನ ಕ್ರಮವನ್ನೂ ಸೂಚಿಸುವ ಕಂಪ್ಯೂಟರ್ ತಂತ್ರಾಂಶಕ್ಕೆ ಲಾಬ್‌ಸ್ಟರ್ ರೋಗನಿದಾನದ ತಜ್ಞ ವ್ಯವಸ್ಥೆ ಎನ್ನುತ್ತಾರೆ. ಕೃತಕ ಬುದ್ಧಿಮತ್ತೆಯ ಹಳೆಯ ಶಾಖೆಗಳಲ್ಲಿ ಒಂದಾದ ತಜ್ಞ ವ್ಯವಸ್ಥೆಯನ್ನು ಜಲಕೃಷಿಗೆ ಅಳವಡಿಸಿದ ರೂಪವಿದು. ಈ ಲೇಖನದಲ್ಲಿ ‘ಲಾಬ್‌ಸ್ಟರ್’ ಪದದಡಿ ಮೂರು ಗುಂಪುಗಳು ಬರುತ್ತವೆ: ಉಷ್ಣ ಸಮುದ್ರದ ಮುಳ್ಳು ಲಾಬ್‌ಸ್ಟರ್ (ಪ್ಯಾನುಲಿರಸ್), ಉತ್ತರ ಅಟ್ಲಾಂಟಿಕದ ಇಕ್ಕುಳವುಳ್ಳ ಲಾಬ್‌ಸ್ಟರ್ (ಹೊಮಾರಸ್), ಮತ್ತು ಇಂಡೊನೇಷ್ಯದಲ್ಲಿ ಸಿಹಿನೀರಿನ ಲಾಬ್‌ಸ್ಟರ್ ಎಂದೇ ಮಾರಾಟವಾಗುವ ಕ್ರೇಫಿಶ್ (ಚೆರಾಕ್ಸ್).

ಹಿನ್ನೆಲೆ

ವಿಯೆಟ್ನಾಮಿನ ಮಧ್ಯ ಕರಾವಳಿಯ ಖಾನ್ ಹೋವಾ ಮತ್ತು ಫೂ ಯೆನ್ ಪ್ರಾಂತ್ಯಗಳಲ್ಲಿ ಮುಳ್ಳು ಲಾಬ್‌ಸ್ಟರ್‌ನ ಪಂಜರ ಸಾಕಣೆ 1990ರ ದಶಕದಲ್ಲಿ ಬೇರೂರಿತು. ಸಮುದ್ರದಿಂದ ಹಿಡಿದ ಬೆರಳುದ್ದದ ಮರಿಗಳನ್ನು ಪಂಜರಕ್ಕೆ ಬಿಟ್ಟು, ಅಗ್ಗದ ಮೀನು, ಬಸವನಹುಳು, ಏಡಿಗಳನ್ನು ತಿನ್ನಿಸಿ ತಿಂಗಳುಗಟ್ಟಲೆ ಬೆಳೆಸುವ ಪದ್ಧತಿ ಅಲ್ಲಿಯದು. 2006–07ರಲ್ಲಿ ಈ ಪಂಜರಗಳಿಗೆ ಹಾಲುರಕ್ತ ರೋಗ ಹೊಕ್ಕಿತು. ಲಕ್ಷಣ ಕಂಡ ಕೆಲವೇ ದಿನಗಳಲ್ಲಿ ಪ್ರಾಣಿಗಳು ಸತ್ತವು. ಕಾರಣ ರಿಕೆಟ್ಸಿಯವನ್ನು ಹೋಲುವ ಒಂದು ಬ್ಯಾಕ್ಟೀರಿಯ ಎಂಬುದು ಬಳಿಕ ಅಂಗಾಂಶ ಪರೀಕ್ಷೆ ಮತ್ತು ಪಿಸಿಆರ್ ವಿಧಾನಗಳಿಂದ ತಿಳಿಯಿತು. ಈ ಬ್ಯಾಕ್ಟೀರಿಯ ಜೀವಕೋಶದ ಒಳಗಷ್ಟೇ ಬೆಳೆಯುವುದರಿಂದ ಪ್ರಯೋಗಾಲಯದ ಸಾಮಾನ್ಯ ತಟ್ಟೆಗಳಲ್ಲಿ ಅದನ್ನು ಬೆಳೆಸಲಾಗದು.

ರೋಗನಿದಾನಕ್ಕೆ ಯಂತ್ರದ ನೆರವು ಏಕೆ ಬೇಕು ಎಂಬುದಕ್ಕೆ ಈ ಪ್ರಕರಣವೇ ಉತ್ತರ. ಮಾದರಿಯನ್ನು ಕೆಡದಂತೆ ಪ್ರಯೋಗಾಲಯಕ್ಕೆ ಸಾಗಿಸಿ ವರದಿ ಕೈಸೇರುವಷ್ಟರಲ್ಲಿ ಪಂಜರ ಖಾಲಿಯಾಗಿರಬಹುದು. ಚಿಪ್ಪುಜೀವಿಗಳ ರೋಗ ಬಲ್ಲ ತಜ್ಞರು ಕಡಿಮೆ. ಇದ್ದವರೂ ಕರಾವಳಿಯ ಹಳ್ಳಿಗಳಲ್ಲಿ ಇರುವುದಿಲ್ಲ.

ಪ್ರಾಣಿಯ ಸ್ವಭಾವವೂ ಕಷ್ಟವನ್ನು ಹೆಚ್ಚಿಸುತ್ತದೆ. ಲಾಬ್‌ಸ್ಟರ್ ನಿಶಾಚರಿ, ಹಗಲಲ್ಲಿ ಸಂದಿಯಲ್ಲಿ ಅಡಗಿರುತ್ತದೆ. ದಪ್ಪ ಚಿಪ್ಪಿನಡಿ ಏನು ನಡೆಯುತ್ತಿದೆ ಎಂಬುದು ಹೊರಗೆ ಕಾಣದು. ಅದು ತೋರುವ ಲಕ್ಷಣಗಳೇ ಬೆರಳೆಣಿಕೆಯಷ್ಟು: ಆಹಾರ ಬಿಡುವುದು, ಮಂಕಾಗುವುದು, ಬಣ್ಣ ಮಾಸುವುದು ಅಥವಾ ಕೆಂಪೇರುವುದು, ಕಿವಿರು ಕಪ್ಪಾಗುವುದು, ಬಾಲದ ಬೀಸಣಿಗೆ ಕೊಳೆಯುವುದು. ಹತ್ತಾರು ರೋಗಗಳು ಈ ಕೆಲವೇ ಲಕ್ಷಣಗಳನ್ನು ಹಂಚಿಕೊಂಡಿವೆ. ಸಾಲದ್ದಕ್ಕೆ, ಪೊರೆ ಕಳಚುವ ಹೊತ್ತಿನಲ್ಲಿ ಆರೋಗ್ಯವಂತ ಲಾಬ್‌ಸ್ಟರ್ ಕೂಡ ಆಹಾರ ಬಿಟ್ಟು ಮೂಲೆ ಸೇರುತ್ತದೆ. ಬೆನ್ನುಮೂಳೆಯ ಪ್ರಾಣಿಗಳಂತೆ ಇವು ಪ್ರತಿಕಾಯಗಳನ್ನು ಉತ್ಪಾದಿಸುವುದಿಲ್ಲ. ಹಾಗಾಗಿ ರಕ್ತದಲ್ಲಿ ಪ್ರತಿಕಾಯ ಹುಡುಕಿ ಹಳೆಯ ಸೋಂಕನ್ನು ಗುರುತಿಸುವ ದಾರಿಯೂ ಇಲ್ಲ.

ಉಗಮ

ತಜ್ಞ ವ್ಯವಸ್ಥೆಗಳ ತವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ. ಎಡ್ವರ್ಡ್ ಫೈಗನ್‌ಬಾಮ್, ಜೋಶುವಾ ಲೆಡರ್‌ಬರ್ಗ್ ಮತ್ತು ಸಂಗಡಿಗರು 1965ರಲ್ಲಿ ಆರಂಭಿಸಿದ ಡೆಂಡ್ರಾಲ್ ರಾಸಾಯನಿಕ ಅಣುಗಳ ರಚನೆಯನ್ನು ಊಹಿಸುತ್ತಿತ್ತು. 1970ರ ದಶಕದಲ್ಲಿ ಅಲ್ಲಿಯೇ ಎಡ್ವರ್ಡ್ ಶಾರ್ಟ್‌ಲಿಫ್ ರೂಪಿಸಿದ ಮೈಸಿನ್, ರಕ್ತದ ಸೋಂಕು ಮತ್ತು ಮಿದುಳುಪೊರೆಯ ಉರಿಯೂತಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು ಊಹಿಸಿ ಔಷಧ ಸೂಚಿಸುತ್ತಿತ್ತು. 1979ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ ಮೈಸಿನ್ ಸೂಚಿಸಿದ ಚಿಕಿತ್ಸೆಗೆ ಪರಿಣತರಿಂದ ಶೇ. 65ರಷ್ಟು ಒಪ್ಪಿಗೆ ದೊರೆಯಿತು. ಅದೇ ಪ್ರಕರಣಗಳಿಗೆ ಐವರು ತಜ್ಞ ವೈದ್ಯರು ಸೂಚಿಸಿದ ಚಿಕಿತ್ಸೆಗೆ ಸಿಕ್ಕಿದ್ದು ಶೇ. 42.5ರಿಂದ 62.5. ಇಷ್ಟಾದರೂ ಮೈಸಿನ್ ದಿನನಿತ್ಯದ ಚಿಕಿತ್ಸೆಗೆ ಎಂದೂ ಬಳಕೆಯಾಗಲಿಲ್ಲ.

ಕೃಷಿಯ ಕಡೆಗೆ ಈ ತಂತ್ರವನ್ನು ತಿರುಗಿಸಿದವರು ಇಲಿನಾಯ್ ವಿಶ್ವವಿದ್ಯಾಲಯದವರು. ರಿಷಾರ್ಡ್ ಮಿಹಾಲ್‌ಸ್ಕಿಯವರ ತಂಡ ಸೋಯಾಬೀನ್‌ನ 15 ರೋಗಗಳಿಗೆ ಎರಡು ಬಗೆಯ ನಿಯಮಗಳನ್ನು ಸಿದ್ಧಪಡಿಸಿತು. ಒಂದು, ತಜ್ಞರು ಹೇಳಿಕೊಟ್ಟದ್ದು. ಇನ್ನೊಂದು, ರೋಗಪೀಡಿತ ಗಿಡಗಳ ದಾಖಲೆಗಳಿಂದ ಕಂಪ್ಯೂಟರ್ ತಾನೇ ಹೆಕ್ಕಿದ್ದು. 1980ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಂಪ್ಯೂಟರ್ ಹೆಕ್ಕಿದ ನಿಯಮಗಳು ಶೇ. 97.6, ತಜ್ಞರ ನಿಯಮಗಳು ಶೇ. 71.8 ಸರಿ ಉತ್ತರ ಕೊಟ್ಟವು. ತಜ್ಞರಿಗೆ ರೋಗ ಗುರುತಿಸುವುದು ಗೊತ್ತಿದ್ದರೂ ಹೇಗೆ ಗುರುತಿಸುತ್ತೇವೆಂದು ಬಿಡಿಸಿ ಹೇಳುವುದು ಸುಲಭವಲ್ಲ. ಲಾಬ್‌ಸ್ಟರ್ ವ್ಯವಸ್ಥೆಗಳನ್ನೂ ಕಾಡುವ ತೊಡಕು ಇದೇ.

ಜಲಕೃಷಿಯಲ್ಲಿ ಹೆಚ್ಚು ಹೆಸರಾದದ್ದು ಚೀನಾದಲ್ಲಿ ರೂಪುಗೊಂಡು 2002ರಲ್ಲಿ ಪ್ರಕಟವಾದ ಫಿಶ್-ಎಕ್ಸ್‌ಪರ್ಟ್. 300ಕ್ಕೂ ಹೆಚ್ಚು ನಿಯಮಗಳು, 400 ಚಿತ್ರಗಳಿದ್ದ ಈ ಅಂತರಜಾಲ ವ್ಯವಸ್ಥೆ ಒಂಬತ್ತು ಜಾತಿಯ ಸಿಹಿನೀರಿನ ಮೀನುಗಳ 126 ರೋಗಗಳನ್ನು ಗುರುತಿಸುತ್ತಿತ್ತು. ಮೀನು, ಸೀಗಡಿಗಳ ನಂತರ ಸರದಿ ಬಂದದ್ದು ಲಾಬ್‌ಸ್ಟರ್‌ಗೆ.

ರಚನೆ

ವ್ಯವಸ್ಥೆಯ ತಿರುಳು ಎರಡು ಭಾಗಗಳಲ್ಲಿದೆ. ರೋಗ, ಲಕ್ಷಣ, ಕಾರಣ, ಪರಿಹಾರಗಳ ಕುರಿತ ನಿಯಮಗಳ ಸಂಗ್ರಹ ಜ್ಞಾನಭಂಡಾರ. ಬಳಕೆದಾರನ ಉತ್ತರಗಳಿಗೆ ಆ ನಿಯಮಗಳನ್ನು ಅನ್ವಯಿಸಿ ತೀರ್ಮಾನಕ್ಕೆ ಬರುವ ಭಾಗ ತರ್ಕಯಂತ್ರ. ಇವೆರಡನ್ನೂ ಬೇರೆಬೇರೆ ಇಡುವುದೇ ಸಾಮಾನ್ಯ ತಂತ್ರಾಂಶಕ್ಕೂ ತಜ್ಞ ವ್ಯವಸ್ಥೆಗೂ ಇರುವ ಮುಖ್ಯ ಅಂತರ. ಹೊಸ ರೋಗವೊಂದು ಬಂದರೆ ತರ್ಕಯಂತ್ರವನ್ನು ಮುಟ್ಟದೆ ನಿಯಮವನ್ನಷ್ಟೇ ಸೇರಿಸಬಹುದು. ಮೈಸಿನ್‌ನಿಂದ ವೈದ್ಯಕೀಯ ನಿಯಮಗಳನ್ನು ತೆಗೆದು ಉಳಿದ ಚೌಕಟ್ಟನ್ನು ಇಮೈಸಿನ್ ಹೆಸರಿನಲ್ಲಿ ಬೇರೆ ಕ್ಷೇತ್ರಗಳಿಗೆ ಒದಗಿಸಲು ಸಾಧ್ಯವಾದದ್ದು ಹೀಗೆ. ನಾಸಾ 1985ರಲ್ಲಿ ಸಿದ್ಧಪಡಿಸಿದ ಕ್ಲಿಪ್ಸ್ ಕೂಡ ಇಂಥದೇ ಖಾಲಿ ಚೌಕಟ್ಟು.

ತರ್ಕಯಂತ್ರ ಎರಡು ದಿಕ್ಕಿನಲ್ಲಿ ಸಾಗಬಲ್ಲದು. ಕಂಡ ಲಕ್ಷಣಗಳಿಂದ ಹೊರಟು ರೋಗವನ್ನು ತಲುಪುವುದು ಮುಮ್ಮುಖ ತರ್ಕ. ಒಂದು ರೋಗವನ್ನು ಶಂಕಿಸಿ, ಅದಕ್ಕೆ ಪುರಾವೆ ಉಂಟೋ ಇಲ್ಲವೋ ಎಂದು ಕೆದಕುತ್ತ ಹೋಗುವುದು ಹಿಮ್ಮುಖ ತರ್ಕ. ಪಂಜರದ ಬಳಿ ನಿಂತ ರೈತನಿಗೆ ಮೊದಲನೆಯದು ಸಹಜ; ತನ್ನ ಶಂಕೆಯನ್ನು ಪರೀಕ್ಷಿಸಲು ಹೊರಟ ಮೀನುಗಾರಿಕಾ ಅಧಿಕಾರಿಗೆ ಎರಡನೆಯದು ಅನುಕೂಲ.

ಇವುಗಳ ಜೊತೆಗೆ ಪ್ರಶ್ನೋತ್ತರದ ಪರದೆ, ಚಿತ್ರಸಂಗ್ರಹ, ಮತ್ತು ವಿವರಣಾ ಘಟಕ ಇರುತ್ತವೆ. ‘ಈ ಪ್ರಶ್ನೆ ಯಾಕೆ?’, ‘ಈ ತೀರ್ಮಾನ ಹೇಗೆ ಬಂತು?’ ಎಂದು ಬಳಕೆದಾರ ಕೇಳಿದರೆ ಅನ್ವಯವಾದ ನಿಯಮಗಳನ್ನು ತೋರಿಸುವುದು ವಿವರಣಾ ಘಟಕದ ಕೆಲಸ. ತಜ್ಞರ ಬಾಯಿಂದ ತಿಳಿವಳಿಕೆಯನ್ನು ಹೊರಡಿಸಿ ನಿಯಮವಾಗಿ ಬರೆಯುವವರನ್ನು ಜ್ಞಾನ ಎಂಜಿನಿಯರ್ ಎಂದು ಕರೆಯುತ್ತಾರೆ.

ಜ್ಞಾನಭಂಡಾರದಲ್ಲಿ ಸೇರುವ ರೋಗಗಳು

ಹಾಲುರಕ್ತ ರೋಗದಲ್ಲಿ ಹೊಟ್ಟೆಯಡಿಯ ಖಂಡಗಳ ನಡುವಿನ ತೆಳು ಪೊರೆಯ ಮೂಲಕ ಬೆಳ್ಳಗಿನ ದ್ರವ ಕಾಣಿಸುತ್ತದೆ. ಲಾಬ್‌ಸ್ಟರ್‌ನ ರಕ್ತವಾದ ಹೀಮೋಲಿಂಫ್ ಸಹಜವಾಗಿ ತಿಳಿಯಾಗಿರುತ್ತದೆ. ತಾಮ್ರವುಳ್ಳ ಹೀಮೋಸಯನಿನ್‌ನಿಂದಾಗಿ ತುಸು ನೀಲಿ ಛಾಯೆ ಇರಬಹುದು. ಹೊರತೆಗೆದರೆ ಬೇಗ ಹೆಪ್ಪುಗಟ್ಟುತ್ತದೆ. ರೋಗಪೀಡಿತ ಪ್ರಾಣಿಯಲ್ಲಿ ಅದು ಹಾಲಿನಂತಾಗಿ, ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಆದರೆ ಹಾಲುರಕ್ತ ಕಂಡ ಮಾತ್ರಕ್ಕೆ ತೀರ್ಮಾನ ಮುಗಿಯಿತೆಂದಲ್ಲ. ಫ್ಲಾರಿಡಾದಲ್ಲಿ ಪತ್ತೆಯಾಗಿ 2004ರಲ್ಲಿ ವಿವರಿಸಲ್ಪಟ್ಟ ಪಿಎವಿ1 ವೈರಸ್ ಕೂಡ ರಕ್ತವನ್ನು ಹಾಲಿನಂತೆ ಮಾಡುತ್ತದೆ. ಲಾಬ್‌ಸ್ಟರ್‌ಗಳಲ್ಲಿ ಸಹಜವಾಗಿ ರೋಗ ತರುವುದೆಂದು ಗುರುತಿಸಲಾದ ಮೊದಲ ವೈರಸ್ ಅದು. ಅದರ ಆಸರೆ ಕೆರಿಬಿಯನ್ ಸುತ್ತಲಿನ ಪ್ಯಾನುಲಿರಸ್ ಆರ್ಗಸ್. ವಿಯೆಟ್ನಾಮಿನಲ್ಲಿ ಸಾಕುವುದು ಮುಖ್ಯವಾಗಿ ಪ್ಯಾನುಲಿರಸ್ ಆರ್ನೇಟಸ್ ಮತ್ತು ಪ್ಯಾನುಲಿರಸ್ ಹೊಮಾರಸ್. ಆದ್ದರಿಂದ ಜಾತಿ ಯಾವುದು, ಮರಿ ಎಲ್ಲಿಂದ ಬಂತು ಎಂಬ ಪ್ರಶ್ನೆಗಳು ಲಕ್ಷಣಗಳಿಗೂ ಮೊದಲೇ ಬರಬೇಕು.

ಪಿಎವಿ1 ಸೋಂಕಿತ ಲಾಬ್‌ಸ್ಟರ್‌ಗಳಿಂದ ಆರೋಗ್ಯವಂತ ಲಾಬ್‌ಸ್ಟರ್‌ಗಳು ದೂರ ಸರಿಯುತ್ತವೆ ಎಂಬುದನ್ನು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಗುಂಪಾಗಿ ಇರುವ ಪ್ರಾಣಿ ಒಂಟಿಯಾಗಿ ಉಳಿದಿದ್ದರೆ ಅದೂ ಒಂದು ಲಕ್ಷಣವೇ. ಇಕ್ಕಟ್ಟಿನ ಪಂಜರದಲ್ಲಿ ದೂರ ಸರಿಯಲು ಜಾಗವೇ ಇರುವುದಿಲ್ಲ ಎಂಬುದು ಬೇರೆ ಮಾತು.

ಉತ್ತರ ಅಮೆರಿಕದ ಹಿಡುವಳಿ ಕೊಳಗಳಲ್ಲಿ ಜೀವಂತ ಲಾಬ್‌ಸ್ಟರ್‌ಗಳನ್ನು ಕೂಡಿಟ್ಟು ಬೆಲೆ ಬಂದಾಗ ಮಾರುವ ಪದ್ಧತಿಯಿದೆ. ಅಲ್ಲಿಯ ಹಳೆಯ ಶತ್ರು ಗ್ಯಾಫ್ಕೀಮಿಯ. ಏರೋಕಾಕಸ್ ವಿರಿಡಾನ್ಸ್ ಬ್ಯಾಕ್ಟೀರಿಯದಿಂದ ಬರುವ ಈ ರೋಗವನ್ನು 1947ರಲ್ಲಿ ಮೊದಲು ವರ್ಣಿಸಲಾಯಿತು. ಅದು ಗಾಯದ ಮೂಲಕವೇ ಒಳಹೊಗುತ್ತದೆ. ತಿಂದ ಆಹಾರದ ಮೂಲಕ ಬಂದರೆ ಜಠರದ ದ್ರವ ಅದನ್ನು ತಡೆಯುತ್ತದೆ. ಸೋಂಕು ತಗುಲಿದ ಮೇಲೆ ಸಾವು ಎಷ್ಟು ಬೇಗ ಎಂಬುದನ್ನು ನಿರ್ಧರಿಸುವುದು ನೀರಿನ ತಾಪ. ಪ್ರಯೋಗಗಳಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಾಸರಿ 2 ದಿನ, 15 ಡಿಗ್ರಿಯಲ್ಲಿ 12 ದಿನ, 10 ಡಿಗ್ರಿಯಲ್ಲಿ 28 ದಿನ, 3 ಡಿಗ್ರಿಯಲ್ಲಿ 170ಕ್ಕೂ ಹೆಚ್ಚು ದಿನ ಬೇಕಾದವು. ಅದೇ ಕೊಳಗಳಲ್ಲಿ ಕಾಣುವ ಬಂಪರ್ ಕಾರ್ ರೋಗಕ್ಕೆ ಕಾರಣ ಅನೋಫ್ರಿಯಾಯ್ಡಿಸ್ ಹೀಮೊಫಿಲಾ ಎಂಬ ಏಕಕೋಶಜೀವಿ. ಅದು ಚಳಿಗಾಲದ ತಣ್ಣೀರಿನಲ್ಲೇ ಹೆಚ್ಚು ಕಾಡುತ್ತದೆ. ಎರಡೂ ರೋಗಗಳಲ್ಲಿ ಪ್ರಾಣಿ ಮಂಕಾಗಿ ಸಾಯುತ್ತದೆ. ಅವುಗಳ ನಡುವೆ ಗೆರೆ ಎಳೆಯಲು ತಾಪಮಾಪಕದ ಒಂದು ಅಂಕಿ, ರೈತನ ಹತ್ತು ವರ್ಣನೆಗಳಿಗಿಂತ ಹೆಚ್ಚು ನೆರವಾಗುತ್ತದೆ. ಲಕ್ಷಣಗಳ ಪಟ್ಟಿಯನ್ನಷ್ಟೇ ಮುಂದಿಟ್ಟು ಗುರುತು ಹಾಕಿಸುವ ವ್ಯವಸ್ಥೆಗಳು ಸೋಲುವ ಜಾಗವಿದು.

ಮುಳ್ಳು ಲಾಬ್‌ಸ್ಟರ್‌ಗಳ ಕಿವಿರು ಕಪ್ಪಾಗುವ ರೋಗಕ್ಕೆ ಫ್ಯುಸೇರಿಯಂ ಸೊಲಾನಿ ಶಿಲೀಂಧ್ರ ಒಂದು ಕಾರಣ. ಕೆಸರು ಅಥವಾ ಕೊಳೆತ ಆಹಾರದಿಂದ ಕೆಟ್ಟ ನೀರೂ ಕಿವಿರನ್ನು ಕಪ್ಪಾಗಿಸಬಲ್ಲದು. ಬಾಲದ ಕೊಳೆತ, ಮೈ ಕೆಂಪೇರುವಿಕೆಗಳಲ್ಲಿ ವಿಬ್ರಿಯೊ ಬ್ಯಾಕ್ಟೀರಿಯಗಳು ಆಗಾಗ ಸಿಗುತ್ತವೆ. ಆದರೆ ಅವು ಸಮುದ್ರದ ನೀರಿನಲ್ಲಿ ಎಲ್ಲೆಲ್ಲೂ ಇರುವಂಥವು. ಸಿಕ್ಕ ಮಾತ್ರಕ್ಕೆ ಅಪರಾಧಿ ಎನ್ನಲಾಗದು.

ಸಿಹಿನೀರಿನ ಕ್ರೇಫಿಶ್‌ನ ಪಟ್ಟಿ ಬೇರೆ. ಬಿಳಿಚುಕ್ಕೆ ರೋಗದ ವೈರಸ್ ಹತ್ತುಕಾಲಿನ ಚಿಪ್ಪುಜೀವಿಗಳಲ್ಲಿ ಬಹುತೇಕ ಎಲ್ಲಕ್ಕೂ ತಗುಲಬಲ್ಲದು. ಆದರೆ ಸೀಗಡಿಯಲ್ಲಿ ಕಾಣುವ ಬಿಳಿಚುಕ್ಕೆಗಳು ಬೇರೆ ಜೀವಿಗಳಲ್ಲಿ ಕಾಣದೆಯೂ ಇರಬಹುದು. ಅಫನೊಮೈಸಿಸ್ ಅಸ್ಟಾಸಿಯಿಂದ ಬರುವ ಕ್ರೇಫಿಶ್ ಪ್ಲೇಗ್ ಯುರೋಪಿನ ಸ್ಥಳೀಯ ಜಾತಿಗಳನ್ನು 19ನೆಯ ಶತಮಾನದಿಂದಲೂ ಕೊಲ್ಲುತ್ತ ಬಂದಿದೆ. ತೈವಾನಿನ ಸಾಕಣೆ ಕೊಳಗಳಲ್ಲಿ ಚೆರಾಕ್ಸ್ ಕೂಡ ಅದಕ್ಕೆ ಬಲಿಯಾದ ದಾಖಲೆಯಿದೆ.

ಅನಿಶ್ಚಿತತೆಯ ಲೆಕ್ಕ

‘ಸ್ವಲ್ಪ ಮಂಕಾಗಿದೆ’, ‘ಬೆಳ್ಳಗೆ ಕಂಡಂತಾಯಿತು’ ಎಂಬಂಥ ಉತ್ತರಗಳನ್ನು ತರ್ಕಕ್ಕೆ ಒಗ್ಗಿಸಲು ಹಲವು ಉಪಾಯಗಳಿವೆ. ಹೆಚ್ಚು ಬಳಕೆಯಲ್ಲಿರುವುದು ಮೈಸಿನ್‌ನಿಂದ ಬಂದ ನಿಶ್ಚಿತತಾ ಅಂಕ. ಪ್ರತಿಯೊಂದು ನಿಯಮಕ್ಕೂ ತಜ್ಞರು ಒಂದು ಅಂಕ ಕೊಡುತ್ತಾರೆ. ಪೂರ್ಣ ನಂಬಿಕೆಗೆ 1, ಏನೂ ತಿಳಿಯದಿದ್ದರೆ 0, ಪೂರ್ಣ ನಿರಾಕರಣೆಗೆ −1. ಒಂದೇ ರೋಗದ ಕಡೆ ಬೊಟ್ಟುಮಾಡುವ ಎರಡು ಪುರಾವೆಗಳಿದ್ದರೆ, ಮೊದಲನೆಯದರ ಅಂಕಕ್ಕೆ, ಉಳಿದ ಅನುಮಾನದಲ್ಲಿ ಎರಡನೆಯದರ ಪಾಲನ್ನು ಕೂಡಿಸುತ್ತಾರೆ. ಉದಾಹರಣೆಗೆ, ಹೊಟ್ಟೆಯಡಿ ಕಂಡ ಬಿಳುಪಿಗೆ 0.6, ರಕ್ತ ಹೆಪ್ಪುಗಟ್ಟದಿರುವುದಕ್ಕೆ 0.5 ಅಂಕ ಕೊಟ್ಟರೆ ಒಟ್ಟು 0.6 + 0.5 × 0.4, ಅಂದರೆ 0.8.

ಲೆಕ್ಕ ಸರಳ, ಆದರೆ ಅದರಲ್ಲೊಂದು ದೋಷ ಅಡಗಿದೆ. ಎರಡು ಪುರಾವೆಗಳು ಪರಸ್ಪರ ಸ್ವತಂತ್ರವಾಗಿವೆ ಎಂದು ಸೂತ್ರ ನಂಬಿಕೊಂಡಿದೆ. ರಕ್ತ ಹಾಲಾಗುವುದೂ ಹೆಪ್ಪುಗಟ್ಟದಿರುವುದೂ ಒಂದೇ ಸೋಂಕಿನ ಎರಡು ಮುಖಗಳಾದರೆ, ಒಂದೇ ಸಾಕ್ಷಿಯನ್ನು ಎರಡು ಸಲ ಎಣಿಸಿದಂತಾಗುತ್ತದೆ. ಡೇವಿಡ್ ಹೆಕರ್‌ಮನ್ 1980ರ ದಶಕದಲ್ಲಿ ಈ ಕುಂದನ್ನು ಗಣಿತದ ಮೂಲಕ ತೋರಿಸಿದರು. ಪರ್ಯಾಯವಾಗಿ ಬೇಯ್ಸ್ ಸಂಭವನೀಯತೆಯನ್ನು ಬಳಸಬಹುದು. ಅದಕ್ಕೆ ಆ ಪ್ರದೇಶದಲ್ಲಿ ಪ್ರತಿಯೊಂದು ರೋಗ ಎಷ್ಟು ಸಾಮಾನ್ಯ ಎಂಬ ಅಂಕಿಅಂಶ ಬೇಕು. ಲಾಬ್‌ಸ್ಟರ್ ಸಾಕಣೆಯಲ್ಲಿ ಅಂಥ ದಾಖಲೆ ವಿರಳ. ರೋಗವೊಂದನ್ನೇ ಹೆಸರಿಸಲಾಗದಾಗ ರೋಗಗಳ ಗುಂಪಿಗೆ ನಂಬಿಕೆಯನ್ನು ಹಂಚುವ ಡೆಂಪ್‌ಸ್ಟರ್–ಶೇಫರ್ ವಿಧಾನ, ಮತ್ತು ‘ಸ್ವಲ್ಪ’, ‘ಬಹಳ’ ಎಂಬ ಮಾತುಗಳಿಗೆ ಅಂಕಿಯ ರೂಪ ಕೊಡುವ, ಲಾಟ್ಫಿ ಝಾದೆ 1965ರಲ್ಲಿ ಮಂಡಿಸಿದ ಗಣಸಿದ್ಧಾಂತದಿಂದ ಬೆಳೆದ ಫಜಿ ಲಾಜಿಕ್ ಕೂಡ ಬಳಕೆಯಲ್ಲಿವೆ.

ಪ್ರಕಾರಗಳು

ನಿಯಮಾಧಾರಿತ ವ್ಯವಸ್ಥೆಗಳೇ ಬಹುಪಾಲು. ಹಿಂದಿನ ಪ್ರಕರಣಗಳನ್ನು ಕೂಡಿಟ್ಟು, ಹೊಸದಕ್ಕೆ ಹತ್ತಿರವಾದುದನ್ನು ಹುಡುಕಿ ಅದರ ಪರಿಹಾರವನ್ನೇ ಹೊಂದಿಸುವುದು ಪ್ರಕರಣಾಧಾರಿತ ವ್ಯವಸ್ಥೆ. ಪ್ರಾಣಿಯ ಫೋಟೊದಿಂದ ಲಕ್ಷಣ ಗುರುತಿಸಲು ನರಜಾಲಗಳನ್ನು ಬಳಸಿ, ತೀರ್ಮಾನವನ್ನು ನಿಯಮಗಳಿಗೆ ಬಿಡುವ ಮಿಶ್ರ ವ್ಯವಸ್ಥೆಗಳೂ ಇವೆ. ಒಂದು ಪ್ರಶ್ನೆಯ ಉತ್ತರ ಮುಂದಿನದನ್ನು ನಿರ್ಧರಿಸುವ ಮುದ್ರಿತ ನಿರ್ಣಯವೃಕ್ಷವನ್ನು ಇವೆಲ್ಲದರ ಕಾಗದದ ಪೂರ್ವಜ ಎನ್ನಬಹುದು. ವಿದ್ಯುತ್ ಇಲ್ಲದ ಕಡೆ ಅದು ಇಂದಿಗೂ ಉಪಯುಕ್ತ.

ಬಳಕೆ

ರೋಗದ ಹೆಸರಿಗಿಂತ ಮುಂದೇನು ಮಾಡಬೇಕೆಂಬ ಸೂಚನೆಯೇ ಹೆಚ್ಚು ಬೆಲೆಬಾಳುವಂಥದ್ದು. ಸತ್ತ ಪ್ರಾಣಿಗಳನ್ನು ಕೂಡಲೇ ತೆಗೆಯುವುದು, ರೋಗಪೀಡಿತ ಪಂಜರದ ಉಪಕರಣಗಳನ್ನು ಬೇರೆಡೆ ಬಳಸದಿರುವುದು, ಹಸಿ ಏಡಿ-ಸೀಗಡಿ ತಿನ್ನಿಸುವುದನ್ನು ನಿಲ್ಲಿಸುವುದು ಯಾವ ಸೋಂಕಿಗೂ ಸಲ್ಲುವ ಕ್ರಮಗಳು. ಯಾವ ಮಾದರಿಯನ್ನು ಹೇಗೆ ಕಳುಹಿಸಬೇಕೆಂಬುದೂ ವ್ಯವಸ್ಥೆಯ ಉತ್ತರದಲ್ಲಿರಬೇಕು: ಪಿಸಿಆರ್‌ಗೆ ಆಲ್ಕೊಹಾಲಿನಲ್ಲಿ ಇಟ್ಟ ಅಂಗಾಂಶ, ಸೂಕ್ಷ್ಮದರ್ಶಕದ ಪರೀಕ್ಷೆಗೆ ಬೇರೆ ದ್ರಾವಣದಲ್ಲಿ ಸ್ಥಿರೀಕರಿಸಿದ್ದು, ಕಾಲಿನ ಬುಡದಿಂದ ಸೂಜಿಯಲ್ಲಿ ಎಳೆದ ಹೀಮೋಲಿಂಫ್.

ಔಷಧದ ವಿಷಯದಲ್ಲಿ ನಿಯಮಗಳು ದೇಶದ ಕಾನೂನಿಗೆ ಕಟ್ಟುಬಿದ್ದಿರಬೇಕು. ಅಮೆರಿಕದಲ್ಲಿ ಗ್ಯಾಫ್ಕೀಮಿಯಕ್ಕೆ ಆಕ್ಸಿಟೆಟ್ರಾಸೈಕ್ಲಿನ್ ಬೆರೆಸಿದ ಆಹಾರವನ್ನು ಐದು ದಿನ ಕೊಡಲು ಅನುಮತಿಯಿದೆ. ಬಳಿಕ 30 ದಿನ ಕಳೆಯದೆ ಮಾರುವಂತಿಲ್ಲ. ವಿಯೆಟ್ನಾಮಿನಲ್ಲಿ ಹಾಲುರಕ್ತ ರೋಗಕ್ಕೂ ಇದೇ ಔಷಧವನ್ನು ಚುಚ್ಚುಮದ್ದಾಗಿ ಕೊಟ್ಟದ್ದುಂಟು. ಭಾರತದಲ್ಲಿ ಕ್ಲೋರಂಫೆನಿಕಾಲ್, ನೈಟ್ರೋಫ್ಯುರಾನ್ ಮುಂತಾದವು ಜಲಕೃಷಿಯಲ್ಲಿ ನಿಷಿದ್ಧ. ಒಂದು ದೇಶದ ಜ್ಞಾನಭಂಡಾರವನ್ನು ಇನ್ನೊಂದು ದೇಶದಲ್ಲಿ ಹಾಗೆಯೇ ಬಳಸಿದರೆ ರಫ್ತಿನ ಸರಕು ಬಂದರಿನಿಂದಲೇ ಹಿಂದಿರುಗಬಹುದು. ವೈರಸ್ ರೋಗಗಳಿಗೆ ಆ್ಯಂಟಿಬಯೊಟಿಕ್ ಸಲ್ಲದು ಎಂಬ ಸರಳ ನಿಯಮವೂ ರೈತನ ಹಣ ಉಳಿಸುತ್ತದೆ.

ಮೌಲ್ಯಮಾಪನ ಮತ್ತು ಮಿತಿ

ಪ್ರಕಟವಾದ ಅನೇಕ ವ್ಯವಸ್ಥೆಗಳ ‘ನಿಖರತೆ’ಯನ್ನು ಎಚ್ಚರದಿಂದ ಓದಬೇಕು. ನಿಯಮ ಬರೆಸಿದ ತಜ್ಞರೇ ಉತ್ತರಗಳನ್ನೂ ಪರಿಶೀಲಿಸಿದರೆ, ವ್ಯವಸ್ಥೆ ತಜ್ಞರೊಡನೆ ಒಪ್ಪುತ್ತದೆ ಎಂದು ತಿಳಿಯುತ್ತದೆಯೇ ಹೊರತು ರೋಗವನ್ನು ಸರಿಯಾಗಿ ಗುರುತಿಸುತ್ತದೆ ಎಂದಲ್ಲ. ಪಿಸಿಆರ್ ಮತ್ತು ಅಂಗಾಂಶ ಪರೀಕ್ಷೆಯಿಂದ ದೃಢಪಟ್ಟ, ವ್ಯವಸ್ಥೆಗೆ ಹೊಸದಾದ ಪ್ರಕರಣಗಳೇ ಸರಿಯಾದ ಒರೆಗಲ್ಲು.

ಎರಡು ರೋಗ ಒಟ್ಟಿಗೆ ಬಂದಾಗ, ಅಥವಾ ಜ್ಞಾನಭಂಡಾರದಲ್ಲಿಲ್ಲದ ಹೊಸ ರೋಗ ಎದುರಾದಾಗ ವ್ಯವಸ್ಥೆ ತನಗೆ ಗೊತ್ತಿರುವುದರಲ್ಲೇ ಹತ್ತಿರದ ಹೆಸರನ್ನು ಹೇಳಿಬಿಡುತ್ತದೆ. 2006ಕ್ಕಿಂತ ಮುಂಚೆ ಸಿದ್ಧವಾದ ಯಾವ ವ್ಯವಸ್ಥೆಗೂ ವಿಯೆಟ್ನಾಮಿನ ಹಾಲುರಕ್ತ ರೋಗದ ಹೆಸರು ತಿಳಿದಿರುತ್ತಿರಲಿಲ್ಲ. ಅಂಕ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ‘ನಿರ್ಧರಿಸಲಾಗದು, ಪ್ರಯೋಗಾಲಯಕ್ಕೆ ಕಳುಹಿಸಿ’ ಎನ್ನುವ ನಿಯಮ ಇಲ್ಲದ ವ್ಯವಸ್ಥೆ ಅಪಾಯಕಾರಿ.

ಇಂದಿನ ಸ್ಥಿತಿ

ಲಾಬ್‌ಸ್ಟರ್‌ಗೆಂದೇ ರೂಪಿಸಿದ ವ್ಯವಸ್ಥೆಗಳು ಹೆಚ್ಚಾಗಿ ಇಂಡೊನೇಷ್ಯದ ವಿಶ್ವವಿದ್ಯಾಲಯಗಳಿಂದ ಬಂದಿವೆ. ಅಲ್ಲಿ ಸಿಹಿನೀರಿನ ಕ್ರೇಫಿಶ್ ಸಾಕಣೆ ಮನೆಯಂಗಳದ ತೊಟ್ಟಿಗಳಿಗೂ ಹಬ್ಬಿದೆ. ವಿದ್ಯಾರ್ಥಿಗಳು ನಿಶ್ಚಿತತಾ ಅಂಕ, ಡೆಂಪ್‌ಸ್ಟರ್–ಶೇಫರ್ ವಿಧಾನಗಳನ್ನು ಬಳಸಿ ಜಾಲತಾಣ ಮತ್ತು ಮೊಬೈಲ್ ಆ್ಯಪ್‌ಗಳನ್ನು ರಚಿಸಿದ್ದಾರೆ. ಇವುಗಳಲ್ಲಿ ಬಹಳಷ್ಟು ಮಾದರಿಯ ಹಂತದಲ್ಲೇ ಉಳಿದಿವೆ.

ಭಾರತದಲ್ಲಿ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಲಾಬ್‌ಸ್ಟರ್ ಪಂಜರ ಸಾಕಣೆಯ ಪ್ರಯೋಗಗಳನ್ನು ನಡೆಸಿದೆ. ರೋಗಸಲಹೆಯ ತಂತ್ರಾಂಶ ಮಾತ್ರ ಸೀಗಡಿಯಲ್ಲೇ ಮುಂದುವರಿದಿದೆ: ಚೆನ್ನೈನ ಕೇಂದ್ರೀಯ ಹಿನ್ನೀರು ಜಲಕೃಷಿ ಸಂಸ್ಥೆಯ ವನಾಮಿ ಸೀಗಡಿ ಆ್ಯಪ್‌ನಲ್ಲಿ ರೋಗ ಗುರುತಿಸುವ ವಿಭಾಗವಿದೆ. 2023ರ ಜೂನ್‌ನಲ್ಲಿ ಬಿಡುಗಡೆಯಾದ ‘ರಿಪೋರ್ಟ್ ಫಿಶ್ ಡಿಸೀಸ್’ ಆ್ಯಪ್ ಮೂಲಕ ರೈತರು ರೋಗದ ಸುದ್ದಿಯನ್ನು ನೇರವಾಗಿ ಅಧಿಕಾರಿಗಳಿಗೂ ತಜ್ಞರಿಗೂ ಮುಟ್ಟಿಸಬಹುದು. ಅದು ನಿದಾನ ಮಾಡುವುದಿಲ್ಲ, ಮಾಡಬಲ್ಲವರೊಡನೆ ಸಂಪರ್ಕ ಕಲ್ಪಿಸುತ್ತದೆ. ಬಿಳಿಚುಕ್ಕೆ ವೈರಸ್ಸನ್ನು ಕೊಳದ ಬಳಿಯೇ ಪತ್ತೆಹಚ್ಚಲು ಮಂಗಳೂರಿನ ಮೀನುಗಾರಿಕೆ ಕಾಲೇಜು ರ‍್ಯಾಪಿಡಾಟ್ ಎಂಬ ಕಿಟ್ ರೂಪಿಸಿದೆ. ಇಂಥ ಕಿಟ್‌ನ ಫಲಿತಾಂಶವನ್ನು ಒಂದು ಪುರಾವೆಯಾಗಿ ಸ್ವೀಕರಿಸುವ ತಜ್ಞ ವ್ಯವಸ್ಥೆ, ಬರಿಗಣ್ಣಿನ ಲಕ್ಷಣಗಳನ್ನೇ ನಂಬಿದ ವ್ಯವಸ್ಥೆಗಿಂತ ದೃಢವಾದ ನೆಲೆಯ ಮೇಲಿರುತ್ತದೆ.

ಚಿತ್ರದಿಂದ ರೋಗ ಗುರುತಿಸುವ ಆಳ ಕಲಿಕೆಯ ತಂತ್ರಗಳಿಗೆ ಪ್ರಯೋಗಾಲಯದಲ್ಲಿ ದೃಢಪಟ್ಟ ಪ್ರಕರಣಗಳ ಸಾವಿರಾರು ಚಿತ್ರಗಳು ಬೇಕು. ಲಾಬ್‌ಸ್ಟರ್‌ಗೆ ಅಂಥ ಸಂಗ್ರಹ ಚಿಕ್ಕದು. ಈ ನಡುವೆ ಆಸ್ಟ್ರೇಲಿಯದಲ್ಲಿ ಪ್ಯಾನುಲಿರಸ್ ಆರ್ನೇಟಸ್‌ನ ಮರಿಗಳನ್ನು ಮೊಟ್ಟೆಯಿಂದಲೇ ಬೆಳೆಸುವ ತಂತ್ರಜ್ಞಾನ ವಾಣಿಜ್ಯ ಹಂತದತ್ತ ಸಾಗಿದೆ. ತಿಂಗಳುಗಟ್ಟಲೆ ತೇಲುವ ಪಾರದರ್ಶಕ ಮರಿಹುಳುಗಳ ಹಂತಕ್ಕೆ ಅದರದೇ ರೋಗಗಳಿವೆ. ಕ್ವೀನ್ಸ್‌ಲೆಂಡ್‌ನ ಇಂಥ ಮರಿಗಳಿಂದ ಪ್ರತ್ಯೇಕಿಸಿ 2010ರಲ್ಲಿ ಹೆಸರಿಟ್ಟ ವಿಬ್ರಿಯೊ ಒವೆನ್ಸಿ ಅವುಗಳಲ್ಲೊಂದು. ಪಂಜರದ ಪ್ರಾಣಿಗಳಿಗಾಗಿ ಬರೆದ ಕಿವಿರು, ಬಾಲ, ಚಿಪ್ಪಿನ ಪ್ರಶ್ನೆಗಳು ಈ ಮರಿಗಳಿಗೆ ಹೊಂದುವುದಿಲ್ಲವಾದ್ದರಿಂದ ಮರಿ ಉತ್ಪಾದನಾ ಕೇಂದ್ರಗಳಿಗೆ ಬೇರೆಯೇ ಜ್ಞಾನಭಂಡಾರ ಬೇಕಾಗುತ್ತದೆ.